ಪ್ರವಾಸದ ಬಸ್ಸು ಆ ಬಂಗಲೆ ಮುಂದೂ ನಿಲ್ಲಲಿ

ಬೆಂಗಳೂರಿಗೆ ಶಾಲಾ ಪ್ರವಾಸ ಅಂದರೆ ನಮ್ಮೂರುಗಳ ಬಸ್ಸಿಗೆ ದಾರಿ ಬಾಯಿಪಾಠ. ಲಾಲ್‌ಬಾಗ್, ವಿಧಾನಸೌಧದ ಎದುರು ಒಂದು ಗ್ರೂಪ್ ಫೋಟೊ, ವಿಶ್ವೇಶ್ವರಯ್ಯ ಮ್ಯೂಸಿಯಂ, ರಾತ್ರಿಗೆ ವಾಪಸ್. ವಿಧಾನಸೌಧದಿಂದ ಸ್ವಲ್ಪವೇ ದೂರ, ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಬಂಗಲೆ ಇದೆ. ಅಲ್ಲಿ ಬಸ್ಸು ನಿಲ್ಲುವುದು ಅಪರೂಪ.

ಬಡ ಮನೆಯಲ್ಲಿ ಹುಟ್ಟಿದ ಮಾಣಿಕ್ಯವೇಲು ಮೊದಲಿಯಾರ್, ಮೈಸೂರು ಸೀಮೆಯಲ್ಲಿ ಮ್ಯಾಂಗನೀಸ್, ಕ್ರೋಮಿಯಂ ಗಣಿ ಗುತ್ತಿಗೆ ಹಿಡಿದು ಸಾಹುಕಾರರಾದವರು. ಮುಂದೆ ವ್ಯಾಪಾರ ಕೈಕೊಟ್ಟಿತು, ಬಂಗಲೆ ಹರಾಜಿಗೆ ಬಂತು. ಕೊನೆಗೆ ಸರ್ಕಾರದ ಕೈಸೇರಿ, 2009ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಯಿತು. ಗಣಿಗಳಲ್ಲಿ ಮಣ್ಣು ಹೊತ್ತವರು ನಮ್ಮಂಥ ಹಳ್ಳಿಯವರೇ ತಾನೇ? ಅವರ ಮೊಮ್ಮಕ್ಕಳು ಆ ಗೇಟು ದಾಟಲು ಈಗ ಯಾವ ಯಜಮಾನರ ಅಪ್ಪಣೆಯೂ ಬೇಕಿಲ್ಲ. ದೊಡ್ಡವರಿಗೆ ಟಿಕೆಟ್ 20 ರೂಪಾಯಿ, ಶಾಲಾ ಮಕ್ಕಳಿಗೆ ಉಚಿತ.

‘ಚಿತ್ರ ನೋಡಿ ನಮಗೇನು ಗೊತ್ತಾಗುತ್ತೆ’ ಅನ್ನುವವರಿಗೆ ಒಂದು ವಿಷಯ ಹೇಳಬೇಕು. 1938ರಲ್ಲಿ ಗುಜರಾತಿನ ಹರಿಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಕರೆದರೆಂದು ನಂದಲಾಲ್ ಬೋಸ್ ಅಲ್ಲಿಗೆ ಚಿತ್ರ ಬರೆದುಕೊಟ್ಟರು. ಡೋಲು ಬಡಿಯುವವನು, ಚಪ್ಪಲಿ ಹೊಲಿಯುವವನು, ಹೋರಿ ಹಿಡಿದವನು, ನೂಲುವ ಹೆಂಗಸು. ರಾಜರಿಲ್ಲ, ದಿವಾನರಿಲ್ಲ. ಮಣ್ಣಿನ ಬಣ್ಣ, ಹಳ್ಳಿಯ ಜನ ಬಂದು ಹೋಗುವ ಕಡೆಯೇ ಪ್ರದರ್ಶನ. ಅವುಗಳಲ್ಲಿ ಬಹಳಷ್ಟು ಇಂದು ಇದೇ ಸಂಸ್ಥೆಯ ಸಂಗ್ರಹದಲ್ಲಿವೆ. (ಬೆಂಗಳೂರಿಗೆ ಹೋದ ದಿನವೇ ಗೋಡೆ ಮೇಲೆ ಕಾಣುತ್ತವೆ ಅಂತಲ್ಲ, ದೆಹಲಿಯಲ್ಲೂ ಇದೇ ಸಂಸ್ಥೆಯದ್ದೊಂದು ಕಲಾಶಾಲೆ ಇದೆ.) ಹಳ್ಳಿಗೆಂದೇ ಬರೆದ ಚಿತ್ರ ಪಟ್ಟಣ ಸೇರಿದೆ, ಹಳ್ಳಿಯವರು ಮಾತ್ರ ಅದನ್ನು ನೋಡಿಲ್ಲ.

ಹಾಗಾಗಿ ನಮ್ಮ ಬೇಡಿಕೆ ಎರಡು ಕಡೆಗಿದೆ. ಮೇಷ್ಟ್ರುಗಳೇ, ಮುಂದಿನ ಪ್ರವಾಸದಲ್ಲಿ ಎರಡು ಗಂಟೆ ಇಲ್ಲಿಗೆ ಕೊಡಿ. ಚಿತ್ರ ಬಿಡಿಸುವ ಹುಡುಗಿಯೊಬ್ಬಳು ಪ್ರತಿ ಶಾಲೆಯಲ್ಲೂ ಇದ್ದಾಳೆ, ಅವಳಿಗಾದರೂ ತೋರಿಸಿ. ಸಂಗ್ರಹಾಲಯದವರು ಚಿತ್ರದ ಪಕ್ಕದ ಬರಹವನ್ನು ಏಳನೇ ಕ್ಲಾಸಿನ ಮಗುವಿಗೆ ತಿಳಿಯುವ ಕನ್ನಡದಲ್ಲಿ ಹಾಕಲಿ. ಹರಿಪುರದ ಚಿತ್ರಗಳ ಒಳ್ಳೆಯ ಪ್ರತಿ ತೆಗೆಸಿ ತಾಲ್ಲೂಕು ಜಾತ್ರೆಗಳಿಗೆ ಕಳಿಸಲಿ. ಜಾತ್ರೆಯಲ್ಲಿ ಜನ ನಿಂತು ನೋಡುವುದಿಲ್ಲ ಅನ್ನುವ ಮಾತನ್ನು ನಾವಂತೂ ಒಪ್ಪುವುದಿಲ್ಲ.

ಹೋಗುವವರು ಗಮನಿಸಿ: ಸೋಮವಾರ ರಜೆ.