ಅಟ್ಟದ ಕ್ಯಾಮೆರಾಕ್ಕೆ ಲಕ್ಷ ರೂಪಾಯಿ?

ಹೋದ ಮಾರ್ಚ್‌ನಲ್ಲಿ ಸಾಗರಕ್ಕೆ ಹೋಗಿದ್ದಾಗ ಚಿಕ್ಕಪ್ಪ ಅಟ್ಟದಿಂದ ಒಂದು ಚರ್ಮದ ಚೀಲ ಇಳಿಸಿದ್ರು. ಒಳಗೆ ಯಾಶಿಕಾ ಮ್ಯಾಟ್ 124ಜಿ. ಮೇಲೊಂದು, ಕೆಳಗೊಂದು ಲೆನ್ಸ್. ಹೊಟ್ಟೆ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ. ಎಂಬತ್ತರ ದಶಕದಲ್ಲಿ ಊರಿನ ಎಷ್ಟೋ ಮದುವೆಗಳನ್ನು ಅವರು ತೆಗೆದದ್ದು ಇದರಲ್ಲೇ. ಒಂದು ರೋಲ್‌ಗೆ 12 ಫೋಟೊ, ಅಷ್ಟೇ.

"ಇದಕ್ಕೆ ಈಗ ಏನಾದ್ರೂ ಬರ್ತದಾ ಮಾರಾಯ?" ಅಂದ್ರು. ಮೊಬೈಲ್‌ನಲ್ಲಿ ಎರಡು ನಿಮಿಷ ಹುಡುಕಿ, "ಲಕ್ಷದ ಮೇಲಿದೆ ಚಿಕ್ಕಪ್ಪ!" ಅಂದುಬಿಟ್ಟೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಬದಲಾಯಿಸುವ ಲೆಕ್ಕ ಅವತ್ತೇ ಶುರುವಾಯ್ತು.

ಕ್ಯಾಮೆರಾ ತಗೊಂಡು ಬೆಂಗಳೂರಿಗೆ ಬಂದು ಸರಿಯಾಗಿ ನೋಡಿದೆ. ನಾನು ನೋಡಿದ್ದ ಬೆಲೆ ಜರ್ಮನಿಯ ರೋಲಿಫ್ಲೆಕ್ಸ್ 2.8ಎಫ್‌ನದು. ನೋಡೋಕೆ ಅಣ್ಣತಮ್ಮಂದಿರ ಹಾಗಿದ್ರೂ ಬೆಲೆಯಲ್ಲಿ ಅಜಗಜಾಂತರ. ಅದೂ ಮಾರುವವರು ಕೇಳಿದ ಬೆಲೆ, ಕೊಳ್ಳುವವರು ಕೊಟ್ಟದ್ದಲ್ಲ. ಮಾರಾಟವಾದವುಗಳ ಪಟ್ಟಿ ತೆರೆದು ನೋಡಿದ್ರೆ ಲೆಕ್ಕವೇ ಬೇರೆ.

ಇನ್ನು ಕ್ಯಾಮೆರಾದ ಆರೋಗ್ಯ. ಹಿಂಬಾಗಿಲು ತೆಗೆದು, ಶಟರ್ ತೆರೆದಿಟ್ಟು ಟಾರ್ಚ್ ಬಿಟ್ಟೆ. ಕೆಳಗಿನ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು. ಮಲೆನಾಡಿನ ತೇವ, ಮೇಲಿಂದ ಚರ್ಮದ ಚೀಲ, ಇನ್ನೇನಾಗುತ್ತೆ? ಮೇಲಿನ ಲೆನ್ಸ್‌ಗೆ ಬೂಷ್ಟು ಹಿಡಿದಿದ್ರೆ ಅಷ್ಟು ಚಿಂತೆಯಿಲ್ಲ, ಅದು ಬರೀ ನೋಡೋದಕ್ಕೆ. ಫಿಲ್ಮ್ ಮೇಲೆ ಚಿತ್ರ ಮೂಡಿಸೋದು ಕೆಳಗಿನದು. ಒಂದು ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿದ್ರೆ ಶಟರ್ ಮುಚ್ಚಲೇ ಇಲ್ಲ. ಒಳಗಿನ ಹಳೇ ಎಣ್ಣೆ ಗಟ್ಟಿಯಾಗಿತ್ತು. ಬೆಳಕು ಅಳೆಯುವ ಮೀಟರಿಗೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗೋದೇ ಇಲ್ಲ.

ರಿಪೇರಿಯವರು, "ಕ್ಲೀನ್ ಮಾಡಬಹುದು ಸಾರ್, ಆದ್ರೆ ಬೂಷ್ಟು ಗಾಜಿನ ಕೋಟಿಂಗ್ ತಿಂದಿದ್ರೆ ಕಲೆ ಹೋಗಲ್ಲ" ಅಂದ್ರು. ಇದ್ದ ಹಾಗೇ ಮಾರೋದು ಅಂತ ತೀರ್ಮಾನ ಮಾಡಿದೆ. ಬೂಷ್ಟಿನ ಫೋಟೊ ಸಮೇತ ಎಲ್ಲ ದೋಷ ಬರೆದು ಜಾಹೀರಾತು ಹಾಕಿದೆ. ಫೋಟೊಗ್ರಫಿ ಕಲಿಯುತ್ತಿದ್ದ ಹುಡುಗನೊಬ್ಬ 11,000ಕ್ಕೆ ತಗೊಂಡ.

ಫೋನ್ ಮಾಡಿ ಹೇಳೋಕೆ ಎರಡು ದಿನ ಹಿಡೀತು. ಅಷ್ಟರಲ್ಲಿ ಚಿಕ್ಕಪ್ಪ ಹೆಂಚಿಗೆ ಮುಂಗಡ ಕೊಟ್ಟಾಗಿತ್ತು. ಸ್ವಲ್ಪ ಹೊತ್ತು ಮಾತಿಲ್ಲ. "ಉಳಿದದ್ದು ನಾನು ಹಾಕ್ತೀನಿ ಚಿಕ್ಕಪ್ಪ" ಅಂದೆ. "ನಿನ್ನ ದುಡ್ಡು ಬೇಡ. ಇನ್ನೊಂದ್ಸಲ ನೋಡ್ಕೊಂಡು ಹೇಳು" ಅಂದ್ರು. ಈ ಮಳೆಗಾಲ ಅರ್ಧ ಮಾಡಿಗೆ ಹೊಸ ಹೆಂಚು, ಇನ್ನರ್ಧಕ್ಕೆ ಟಾರ್ಪಾಲು.

ನಿಮ್ಮನೆ ಅಟ್ಟದಲ್ಲೂ ಇಂಥದ್ದೊಂದು ಇರಬಹುದು. ಮೊದಲು ಮಾಡೆಲ್ ಹೆಸರು ಓದಿ, ಕೆಳಗಿನ ಲೆನ್ಸ್‌ಗೆ ಟಾರ್ಚ್ ಬಿಡಿ, ಮಾರಾಟವಾದ ಬೆಲೆ ನೋಡಿ. ಮನೆಯವರಿಗೆ ಬೆಲೆ ಹೇಳೋದು ಆಮೇಲೆ.