ಗಣಕಕ್ಕೂ ಗ್ರಹಣ

ಬ್ಯಾಂಕಿನ ಶಾಖೆಯಲ್ಲಿರುವ ಕಂಪ್ಯೂಟರಿಗೆ ಯಾರನ್ನು ನಂಬಬೇಕೆಂಬ ಚಿಂತೆಯಿಲ್ಲ. ಲೆಕ್ಕವೆಲ್ಲ ಕೇಂದ್ರದಲ್ಲಿದೆ, ಕೇಳಿದರಾಯಿತು. ಆದರೆ ಯಜಮಾನನೇ ಇಲ್ಲದ ಜಾಲಗಳೂ ಇವೆ. 2009ರ ಜನವರಿಯಲ್ಲಿ ಶುರುವಾದ ಬಿಟ್‌ಕಾಯಿನ್ ಜಾಲ ಅಂಥದ್ದು. ಆ ಹಣವನ್ನು ಕೊಳ್ಳಬೇಕೇ ಬೇಡವೇ ಎಂಬ ತಕರಾರು ಇಲ್ಲಿ ಬೇಡ. ಅಪರಿಚಿತರೇ ತುಂಬಿದ ಜಾಲಕ್ಕೆ ಹೊಸದಾಗಿ ಬಂದ ಕಂಪ್ಯೂಟರು ಯಾರ ಸಂಗಡ ಮಾತಾಡಬೇಕು? ವಿದ್ಯಾರ್ಥಿಗಳು ಗಮನಿಸಬೇಕಾದ ಸ್ವಾರಸ್ಯ ಅಲ್ಲಿದೆ.

ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶ ಇದಕ್ಕಾಗಿ ಒಂದು ವಿಳಾಸ ಪುಸ್ತಕವನ್ನೇ ಇಟ್ಟುಕೊಂಡಿದೆ. ಮೊದಲ ದಿನ ಅದು ಖಾಲಿ. ಸ್ವಯಂಸೇವಕರು ನಡೆಸುವ ಕೆಲವು ಸರ್ವರುಗಳಿಂದ ಒಂದಷ್ಟು ವಿಳಾಸ ಸಿಗುತ್ತದೆ. ಆಮೇಲೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಪುಸ್ತಕದಲ್ಲಿ ಎರಡು ಭಾಗ: ಬರೀ ಕೇಳಿ ತಿಳಿದ ವಿಳಾಸಗಳು ಒಂದು ಕಡೆ, ಸ್ವತಃ ಸಂಪರ್ಕಿಸಿ ಖಚಿತ ಮಾಡಿಕೊಂಡವು ಇನ್ನೊಂದು ಕಡೆ. ಹುಡುಗಿಗೆ ಗಂಡು ಹುಡುಕುವ ಮನೆಯವರ ಜಾಣತನವೇ ಇದು ಎನ್ನಬಹುದು!

ಸಾವಿರಾರು ವಿಳಾಸಗಳಿದ್ದರೂ ಕಂಪ್ಯೂಟರು ತಾನಾಗಿ ಆರಿಸಿಕೊಳ್ಳುತ್ತಿದ್ದುದು ಎಂಟು ಜೊತೆಗಾರರನ್ನು ಮಾತ್ರ. ಅಪಾಯವಿರುವುದೇ ಇಲ್ಲಿ. ಆ ಎಂಟೂ, ಹೊರಗಿನಿಂದ ಬಂದು ಸೇರಿಕೊಂಡ ಉಳಿದವೂ ಒಬ್ಬನೇ ಮೋಸಗಾರನವಾದರೆ? ಅವನು ತೋರಿಸಿದ್ದೇ ಲೋಕ. ಉಳಿದ ಜಾಲ ಒಪ್ಪದ ಹಣವನ್ನು ಬಂದಿದೆಯೆಂದು ನಂಬಿ ಅಂಗಡಿಯವನು ಸಾಮಾನು ಕೊಟ್ಟು ಕಳಿಸಬಹುದು. ಈಥನ್ ಹೈಲ್ಮನ್, ಶರಾನ್ ಗೋಲ್ಡ್‌ಬರ್ಗ್ ಮೊದಲಾದ ಸಂಶೋಧಕರು 2015ರಲ್ಲಿ ಇದನ್ನು ಮಾಡಿಯೇ ತೋರಿಸಿದರು. ಇದರ ಹೆಸರು 'ಗ್ರಹಣ ದಾಳಿ'. ಪುಸ್ತಕದ ತುಂಬ ತನ್ನವೇ ವಿಳಾಸಗಳನ್ನು ತುರುಕಿ ಮೋಸಗಾರ ಕಾಯುತ್ತಾನೆ. ಒಮ್ಮೆ ಕರೆಂಟು ಹೋಗಿ ಬಂದರೆ ಸಾಕು, ಕಂಪ್ಯೂಟರು ಅದೇ ಪುಸ್ತಕ ತೆರೆದು ಹೊಸ ಎಂಟನ್ನು ಆರಿಸುತ್ತದೆ.

ಮದ್ದು ಇರುವುದು ಪುಸ್ತಕದ ಜೋಡಣೆಯಲ್ಲಿ. ಖಚಿತವಾದ ವಿಳಾಸಗಳಿಗೆ 256 ಗೂಡುಗಳು, ಪ್ರತಿ ಗೂಡಿನಲ್ಲಿ 64 ಜಾಗ, ಒಟ್ಟು 16,384. (2015ಕ್ಕೆ ಮೊದಲು ಗೂಡುಗಳು 64 ಮಾತ್ರ.) ಯಾವ ವಿಳಾಸ ಯಾವ ಗೂಡಿಗೆ ಎಂಬುದನ್ನು ಆಯಾ ಕಂಪ್ಯೂಟರು ತನ್ನದೇ ಗುಟ್ಟಿನ ಸಂಖ್ಯೆಯಿಂದ ಲೆಕ್ಕ ಹಾಕುತ್ತದೆ, ಹೊರಗಿನವರಿಗೆ ಊಹಿಸಲಾಗದು. ಮೊದಲೆರಡು ಸಂಖ್ಯೆಗಳು ಒಂದೇ ಆಗಿರುವ ಅಂತರ್ಜಾಲ ವಿಳಾಸಗಳನ್ನು ಒಂದೇ ಕೇರಿಯವೆಂದು ಭಾವಿಸಿ, ಒಂದು ಕೇರಿಗೆ ಎಂಟು ಗೂಡುಗಳಿಗಿಂತ ಹೆಚ್ಚು ಕೊಡುವುದಿಲ್ಲ. ಅಂದರೆ ಒಂದೇ ಕೇರಿಯಿಂದ ಎಷ್ಟು ಸಾವಿರ ವಿಳಾಸ ಬಂದರೂ ದಕ್ಕುವುದು 512 ಜಾಗ. ಎಂಟು ಜೊತೆಗಾರರನ್ನು ಆರಿಸುವಾಗಲೂ ಒಂದು ಕೇರಿಯಿಂದ ಒಬ್ಬರೇ.

ಮುಂದೆ ಇನ್ನಷ್ಟು ಬಿಗಿಯಾಯಿತು. ಹಳೆಯ ವಿಳಾಸವನ್ನು ಕಿತ್ತುಹಾಕುವ ಮೊದಲು ಅದು ಬದುಕಿದೆಯೇ ಎಂದು ಕರೆದು ನೋಡುವ ಪದ್ಧತಿ 2018ರಲ್ಲಿ ಬಂತು. ಎಂಟರ ಜೊತೆಗೆ, ಲೆಕ್ಕದ ಪುಟಗಳನ್ನು ಮಾತ್ರ ತರುವ ಇನ್ನಿಬ್ಬರು ಸೇರಿದರು. 2021ರಿಂದ ತಂತ್ರಾಂಶವನ್ನು ಕ್ರಮವಾಗಿ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಮೊದಲು ನೆನಪಾಗುವುದು ಈ ಇಬ್ಬರೇ.

ಹಲವಾರು ಕೇರಿಗಳಲ್ಲಿ ವಿಳಾಸ ಸಂಪಾದಿಸಬಲ್ಲ ಸಿರಿವಂತ ಮೋಸಗಾರನಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಅವನೀಗ ಮೊದಲಿಗಿಂತ ಬಹಳ ಹೆಚ್ಚು ಖರ್ಚು ಮಾಡಬೇಕು.