ಮದ್‌ಯನ್‌ನ ತಕ್ಕಡಿ, ನಮ್ಮ ಲ್ಯಾಬ್ ರೆಕಾರ್ಡ್

ಗತ ಜನಾಂಗಗಳ ಕಥೆಗಳನ್ನು ನಾವು ಮದ್ರಸದ ದಿನಗಳಿಂದಲೇ ಕೇಳಿದ್ದೇವೆ. ನೂಹ್(ಅ)ರ ಕಾಲದ ಪ್ರಳಯ, ಆದ್ ಜನಾಂಗದ ಮೇಲೆರಗಿದ ಬಿರುಗಾಳಿ, ಸಮುದ್ರದಲ್ಲಿ ಮುಳುಗಿದ ಫಿರ್‌ಔನ್. ಕೇಳುವಾಗ ಭಯವಾಗುತ್ತದೆ. ಮುಗಿದ ಮೇಲೆ, ನಾವು ಅವರಂತಲ್ಲ ಎಂಬ ಸಮಾಧಾನವೂ ಬರುತ್ತದೆ. ಆ ಸಮಾಧಾನವನ್ನು ನನಗೆ ಕೊಡದ ಕಥೆಯೊಂದಿದೆ. ಅದು ಮದ್‌ಯನ್ ಜನಾಂಗದ್ದು.

ಅರೇಬಿಯಾದ ವಾಯವ್ಯ ಭಾಗದಲ್ಲಿದ್ದ ಮದ್‌ಯನ್‌ನವರು ಅನುಕೂಲಸ್ಥರು. ಆದರೂ ಅಳತೆ, ತೂಕದಲ್ಲಿ ಮೋಸ ಮಾಡುತ್ತಿದ್ದರು. ಅಲ್ಲಾಹನನ್ನು ಮಾತ್ರ ಆರಾಧಿಸಿರಿ, ಅಳತೆ ಮತ್ತು ತೂಕದಲ್ಲಿ ಕಡಿತ ಮಾಡಬೇಡಿರಿ ಎಂದು ಪ್ರವಾದಿ ಶುಐಬ್(ಅ) ಎರಡನ್ನೂ ಜೊತೆಯಾಗಿಯೇ ಬೋಧಿಸಿದರು. ನಮ್ಮ ಸಂಪತ್ತನ್ನು ನಾವು ಇಷ್ಟಬಂದಂತೆ ಬಳಸಬಾರದೆಂದು ನಿನ್ನ ನಮಾಝ್ ಹೇಳುತ್ತದೆಯೇ ಎಂದು ಅವರು ಕೇಳಿದ್ದನ್ನು ಕುರ್‌ಆನಿನ 11ನೇ ಅಧ್ಯಾಯ ‘ಹೂದ್’ ತಿಳಿಸುತ್ತದೆ. ನಮಾಝ್ ಬೇರೆ, ವ್ಯಾಪಾರ ಬೇರೆ ಎಂಬುದು ಅವರ ನಿಲುವಾಗಿತ್ತು. ಕೊನೆಗೆ ಅವರು ತಮ್ಮ ಮನೆಗಳಲ್ಲೇ ನಾಶವಾದರು.

ಕಳೆದ ವರ್ಷ ಫಿಸಿಕ್ಸ್ ಲ್ಯಾಬ್‌ನಲ್ಲಿ ಸರಳ ಲೋಲಕದ ಪ್ರಯೋಗವಿತ್ತು. ‘ಜಿ’ಯ ಬೆಲೆ 9.8ರ ಹತ್ತಿರ ಬರಬೇಕಿತ್ತು, ನನಗೆ 10.8 ಬಂತು. ಗೆಳೆಯನ ರೆಕಾರ್ಡ್ ನೋಡಿ ರೀಡಿಂಗ್‌ಗಳನ್ನು ಬದಲಿಸಿದೆ. ಸಹಿ ಸಿಕ್ಕಿತು. ಆ ಮಧ್ಯಾಹ್ನ ಝುಹರ್ ನಮಾಝ್‌ಗೆ ಮೊದಲ ಸಫ್‌ನಲ್ಲಿ ನಿಂತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ನನಗೆ ಅನಿಸಲೇ ಇಲ್ಲ.

ಅದೇ ವಾರ ಟೆಸ್ಟ್ ಪೇಪರ್‌ನಲ್ಲಿ ಒಂದು ಅಂಕ ಕೂಡಿಸುವುದು ಬಿಟ್ಟುಹೋಗಿತ್ತು. ಸ್ಟಾಫ್ ರೂಮಿಗೆ ಓಡಿಹೋಗಿ ಸರಿಮಾಡಿಸಿಕೊಂಡೆ. ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಕೊಡುವವರ ಬಗ್ಗೆ 83ನೇ ಅಧ್ಯಾಯ ‘ಅಲ್ ಮುತಫ್ಫಿಫೀನ್’ ಎಚ್ಚರಿಸುತ್ತದೆ. ಅದನ್ನು ನಾನು ಅಂಗಡಿಯವರಿಗೆ ಹೇಳಿದ್ದೆಂದು ಭಾವಿಸಿದ್ದೆ.

ಎಲ್ಲರೂ ಮಾಡುತ್ತಾರೆ, ಇದರಿಂದ ಯಾರಿಗೆ ನಷ್ಟ ಎಂದು ನೀವು ಕೇಳಬಹುದು. ನಷ್ಟ ನನಗೇ ಆಯಿತು. ಈ ವರ್ಷ ಜೂನಿಯರ್ ಒಬ್ಬನಿಗೆ ಅದೇ ಪ್ರಯೋಗ ಹೇಳಿಕೊಡುವಾಗ ನನ್ನ ತಪ್ಪು ತಿಳಿಯಿತು. ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಸಿದ್ದೆ. 19 ಆಂದೋಲನಗಳ ಸಮಯವನ್ನು 20ರದ್ದೆಂದು ಬರೆದಿದ್ದೆ. ಅದು ಕೈತಪ್ಪು, ತಿದ್ದಿಕೊಳ್ಳಬಹುದಿತ್ತು. ರೀಡಿಂಗ್ ಬದಲಿಸಿದ್ದು ಮಾತ್ರ ಮೋಸ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬರುತ್ತಿದೆ. ಗೆಳೆಯರೇ, ಬಂದ ರೀಡಿಂಗನ್ನೇ ಬರೆಯೋಣ. ತಪ್ಪಿದ್ದರೆ ಕಾರಣ ಹುಡುಕೋಣ. ಉಪನ್ಯಾಸಕರಲ್ಲೂ ಒಂದು ವಿನಂತಿ: ಕಾರಣ ಸಹಿತ ಬರೆದ ತಪ್ಪು ಉತ್ತರಕ್ಕೂ ರೆಕಾರ್ಡ್‌ನಲ್ಲಿ ಅಂಕ ಕೊಡಿ. ಆಗ ನಿಜ ಬರೆಯಲು ನಮಗೆ ಹೆದರಿಕೆಯಿರುವುದಿಲ್ಲ.